ಕೊಡಗಿನಲ್ಲಿ ನಡೆಯಿರಿ, ಓಡಬೇಡಿ

ದಸರಾ ರಜೆ ಹತ್ತಿರ ಬಂತೆಂದರೆ ಮನೆಮನೆಯಲ್ಲೂ ಒಂದೇ ಚರ್ಚೆ: ಈ ಸಲ ಪ್ರವಾಸ ಎಲ್ಲಿಗೆ? ಕೊಡಗು ಎಂದು ತೀರ್ಮಾನವಾದರೆ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ, ತಲಕಾವೇರಿ, ಬರುವ ದಾರಿಯಲ್ಲಿ ಬೈಲುಕುಪ್ಪೆ. ಎರಡೇ ದಿನದಲ್ಲಿ ಎಲ್ಲವೂ 'ಮುಗಿಯುತ್ತದೆ'. ಆದರೆ ಮಕ್ಕಳು ಹೆಚ್ಚು ಹೊತ್ತು ಕಳೆದದ್ದು ವಾಹನದೊಳಗೆ, ಬೆಟ್ಟ ಕಂಡದ್ದು ಕಿಟಕಿಯಿಂದ!

ಹತ್ತು ಕಡೆ ಇಳಿದು ಹತ್ತುವ ಬದಲು ಒಂದು ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಏರಿದರೆ, ಊರಿನ ಒಂದು ಹಬ್ಬವನ್ನು ಸಾವಧಾನವಾಗಿ ನೋಡಿದರೆ ಹೇಗೆ? ಖರ್ಚು ಕಡಿಮೆ, ಕಲಿಕೆ ಹೆಚ್ಚು.

ಕೊಡಗಿನ ನೆತ್ತಿಗೆ

ಜಿಲ್ಲೆಯ ಅತಿ ಎತ್ತರದ ಶಿಖರ ತಡಿಯಂಡಮೋಳ್. ಎತ್ತರ 1748 ಮೀಟರ್. ಮಡಿಕೇರಿಯಿಂದ ನಾಪೋಕ್ಲು ದಾರಿಯಾಗಿ ಕಕ್ಕಬ್ಬೆಗೆ ಬಂದರೆ ಬೆಟ್ಟದ ತಪ್ಪಲಲ್ಲೇ ನಾಲ್ಕುನಾಡು ಅರಮನೆ ಸಿಗುತ್ತದೆ. ಅರಮನೆ ಎಂದಾಕ್ಷಣ ಮೈಸೂರಿನ ವೈಭವವನ್ನು ಕಲ್ಪಿಸಿಕೊಳ್ಳಬೇಡಿ. ದೊಡ್ಡವೀರರಾಜೇಂದ್ರ 1792ರ ಹೊತ್ತಿಗೆ ಕಾಡಿನ ನಡುವೆ ಕಟ್ಟಿಸಿದ ಎರಡಂತಸ್ತಿನ ಮನೆ ಇದು. ಕೊಡಗು ಬ್ರಿಟಿಷರ ಕೈಸೇರಿದ್ದು 1834ರಲ್ಲಿ. ಅದಕ್ಕೆ ಮುನ್ನ ಕೊನೆಯ ಅರಸ ಆಶ್ರಯ ಪಡೆದದ್ದು ಇಲ್ಲೇ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಓದಿದವರಿಗೆ ಈ ಜಗಲಿಯಲ್ಲಿ ಅರ್ಧ ಗಂಟೆ ಕೂತರೂ ಸಾಕು, ಚರಿತ್ರೆಯ ಪಾಠ ಬೇರೆಯಾಗಿ ಕಾಣುತ್ತದೆ.

ಅಲ್ಲಿಂದ ಮೇಲೆ ನಡೆದಂತೆ ಕಾಫಿ ತೋಟ ಹಿಂದೆ ಸರಿದು ಶೋಲಾ ಕಾಡು, ಹುಲ್ಲುಗಾವಲು ಶುರುವಾಗುತ್ತವೆ. ಗಾಳಿ ಬೀಸುವ ಏಣುಗಳಲ್ಲಿ ಹುಲ್ಲು, ತೇವ ನಿಲ್ಲುವ ಕಣಿವೆಯ ಮಡಿಕೆಗಳಲ್ಲಿ ದಟ್ಟ ಮರಗಳು. ಮಳೆನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ತೊರೆಗಳಿಗೆ ಬಿಡುವ ಕೆಲಸ ಇವೆರಡರದ್ದೂ ಹೌದು. ಕಕ್ಕಬ್ಬೆ ಹೊಳೆ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಘಟ್ಟದ ಪಶ್ಚಿಮ ಮಗ್ಗುಲಿನ ನೀರು ಅರಬ್ಬಿ ಸಮುದ್ರಕ್ಕೆ. ಭೂಗೋಳದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದನ್ನು ಇಲ್ಲಿ ಮಕ್ಕಳೇ ಕಣ್ಣಾರೆ ಕಾಣಬಹುದು.

ಈ ಇಳಿಜಾರುಗಳು ಎಷ್ಟು ಸೂಕ್ಷ್ಮವೆಂಬುದು 2018ರ ಆಗಸ್ಟ್‌ನಲ್ಲಿ ಗೊತ್ತಾಯಿತು. ಭಾರಿ ಮಳೆಗೆ ಗುಡ್ಡಗಳು ಕುಸಿದು ಜೀವಹಾನಿಯಾಯಿತು, ಮನೆ ತೋಟಗಳು ಕೊಚ್ಚಿಹೋದವು. ಮಳೆಯ ಜತೆಗೆ, ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಪ್ರವಾಸಿಗರು ಹೆಚ್ಚಿದಷ್ಟೂ ರಸ್ತೆ, ವಸತಿಗೃಹಗಳ ಬೇಡಿಕೆಯೂ ಹೆಚ್ಚುತ್ತದೆ. ನಾವು ಹೇಗೆ ಹೋಗುತ್ತೇವೆ ಎಂಬುದು ಆದ್ದರಿಂದಲೇ ಮುಖ್ಯ.

ಹಬ್ಬಕ್ಕೆ ಹೊಂದಿಸಿ ರಜೆ

ಕೊಡಗಿನ ಹಬ್ಬಗಳು ಬೇಸಾಯದ ಪಂಚಾಂಗವನ್ನೇ ಅನುಸರಿಸುತ್ತವೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್. ಅಂದು ಕೋವಿ, ಕತ್ತಿಗಳಿಗೆ ಪೂಜೆ. ಅಕ್ಟೋಬರ್ ನಡುವಿಗೆ ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಹುತ್ತರಿ. ಪಂಜೆಯವರ 'ಹುತ್ತರಿ ಹಾಡು' ಕಲಿತ ಮಕ್ಕಳಿಗೆ ಹೆಸರು ಹೊಸದಲ್ಲ. ಕುಟುಂಬದವರೆಲ್ಲ ಐನ್‌ಮನೆಯಲ್ಲಿ ಸೇರಿ, ರಾತ್ರಿ ಗದ್ದೆಗೆ ಹೋಗಿ ಹೊಸ ಕದಿರು ಕೊಯ್ದು ತರುತ್ತಾರೆ. ಮುಂದಿನ ದಿನಗಳಲ್ಲಿ ಊರ ಮಂದ್‌ನಲ್ಲಿ ಕೋಲಾಟ. ಇಂಥ ಆಚರಣೆ, ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲೇ 'ಪಟ್ಟೋಲೆ ಪಳಮೆ'ಯಾಗಿ ಪ್ರಕಟಿಸಿದರು.

ಬೇಸಿಗೆ ರಜೆಯೇ ಅನುಕೂಲವೆನ್ನುವವರಿಗೆ ಹಾಕಿ ಹಬ್ಬವಿದೆ. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಈ ಪಂದ್ಯಾವಳಿಯಲ್ಲಿ ಆಡುವುದು ಕ್ಲಬ್ಬುಗಳಲ್ಲ, ಕೊಡವ ಕುಟುಂಬಗಳು! ಒಂದೇ ತಂಡದಲ್ಲಿ ಹೆಂಗಸರು, ಗಂಡಸರು, ಹಿರಿಯರು, ಮಕ್ಕಳು ಎಲ್ಲರೂ ಇರುತ್ತಾರೆ. ಆತಿಥ್ಯದ ಹೊಣೆ ವರ್ಷಕ್ಕೊಂದು ಕುಟುಂಬದ್ದು.

ಒಂದು ಮಾತು ನೆನಪಿರಲಿ. ಮೈದಾನದ ಆಟ ಎಲ್ಲರದು, ಐನ್‌ಮನೆಯ ಹಬ್ಬ ಮನೆಯವರದು. ಕರೆದರೆ ಹೋಗಿ, ಕೇಳಿ ಫೋಟೊ ತೆಗೆಯಿರಿ. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಊರವರು ದೇವರ ಹೆಸರಲ್ಲಿ ಉಳಿಸಿಕೊಂಡು ಬಂದ ಕಾಡು ಅವು. ಅಲ್ಲಿ ಒಂದು ಎಲೆಯನ್ನೂ ಕೀಳಬೇಡಿ.

ಹೊರಡುವ ಮುನ್ನ

* ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲು, ಅಲ್ಲಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಬಸ್ಸು.

* ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ, ಶುಲ್ಕಗಳನ್ನು ಮೊದಲೇ ವಿಚಾರಿಸಿ. ದಾರಿ ಬಲ್ಲ ಸ್ಥಳೀಯರು ಜತೆಗಿರಲಿ.

* ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಜಿಗಣೆ, ಕುಸಿತದ ಭಯ. ಬೆಟ್ಟ ಹತ್ತಲು ಅಕ್ಟೋಬರ್‌ನಿಂದ ಫೆಬ್ರುವರಿ ಹಿತ.

* ಬೆಳಿಗ್ಗೆ ಬೇಗ ಹೊರಟು ಕತ್ತಲಾಗುವ ಮುನ್ನ ಇಳಿಯಿರಿ. ಮಂಜು ಕವಿದರೆ ಶಿಖರದ ಆಸೆ ಬಿಟ್ಟು ಹಿಂದಿರುಗಿ.

* ಕುಡಿಯುವ ನೀರು, ತಿಂಡಿ ಒಯ್ಯಿರಿ. ಖಾಲಿ ಪೊಟ್ಟಣಗಳನ್ನು ಮರಳಿ ತನ್ನಿ. ಈ ಜವಾಬ್ದಾರಿ ಮಕ್ಕಳಿಗೇ ಇರಲಿ.