ಪದವಿ ನಮ್ಮದು, ಪರವಾನಗಿ ಅವರದು

ಕ್ರಿಕೆಟ್ ನೋಡುವ ಮಕ್ಕಳಿಗೆಲ್ಲ ‘ಫಿಸಿಯೋ’ ಗೊತ್ತು. ಆಟಗಾರ ತೊಡೆ ಹಿಡಿದುಕೊಂಡು ಕುಳಿತ ಕೂಡಲೇ ಚೀಲ ಹೆಗಲಿಗೇರಿಸಿ ಮೈದಾನಕ್ಕೆ ಓಡಿ ಬರುತ್ತಾರಲ್ಲ, ಅವರೇ. ಆದರೆ ಫಿಸಿಯೋಥೆರಪಿಸ್ಟರ ಹೆಚ್ಚಿನ ಕೆಲಸ ನಡೆಯುವುದು ಕ್ಯಾಮೆರಾ ಇಲ್ಲದ ಕಡೆ. ಲಕ್ವಾ ಹೊಡೆದ ಅಜ್ಜನನ್ನು ಹಾಸಿಗೆಯಿಂದ ಎಬ್ಬಿಸಿ ಕೂಡಿಸುವುದು, ಪ್ಲಾಸ್ಟರ್ ಬಿಚ್ಚಿದ ಮೇಲೆ ಸೆಟೆದುಕೊಂಡ ಮೊಣಕೈಯನ್ನು ದಿನಕ್ಕಿಷ್ಟು ಎಂದು ಮಡಿಸಲು ಕಲಿಸುವುದು, ಹುಟ್ಟಿನಿಂದಲೇ ಕಾಲಲ್ಲಿ ಬಲವಿಲ್ಲದ ಮಗುವನ್ನು ಗೋಡೆ ಹಿಡಿಸಿ ನಿಲ್ಲಿಸುವುದು. ಇವೆಲ್ಲ ಒಂದು ದಿನದ ಕೆಲಸವಲ್ಲ. ತಿಂಗಳುಗಟ್ಟಲೆ ತಾಳ್ಮೆಯಿಂದ ಮಾಡುವ ಕೆಲಸ.

ನಮ್ಮ ಯರಗುಪ್ಪಿ ಇರುವುದು ಕುಂದಗೋಳ ತಾಲ್ಲೂಕಿನಲ್ಲಿ. ಕುಂದಗೋಳವೆಂದರೆ ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಂಥ ಶಿಷ್ಯರನ್ನು ತಯಾರು ಮಾಡಿದ ಆ ಮಹಾನುಭಾವರ ಹಾಡುಗಾರಿಕೆಯನ್ನು ಪಾರ್ಶ್ವವಾಯು ನಿಲ್ಲಿಸಿತು. 1952ರಲ್ಲಿ ಅವರು ತೀರಿಕೊಂಡರು. ನಮ್ಮ ದೇಶದಲ್ಲಿ ಫಿಸಿಯೋಥೆರಪಿ ಕಲಿಸುವ ಮೊದಲ ಶಾಲೆ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶುರುವಾದದ್ದು ಅದೇ ಸುಮಾರಿಗೆ, ಪೋಲಿಯೋದಿಂದ ಕಾಲು ಕಳೆದುಕೊಂಡ ಮಕ್ಕಳ ಸಂಖ್ಯೆ ಏರುತ್ತಿದ್ದ ಕಾಲದಲ್ಲಿ. ಅಲ್ಲಿಯವರೆಗೆ ನಮ್ಮ ಕಡೆ ಲಕ್ವಾ ಎಂದರೆ ಎಣ್ಣೆ ತಿಕ್ಕುವುದು, ಹರಕೆ ಹೊರುವುದು, ಮೂಲೆಯಲ್ಲಿ ಮಂಚ ಹಾಕುವುದು, ಇಷ್ಟೇ ಆಗಿತ್ತು.

ಈಗ ಕಾಲ ಬದಲಾಗಿದೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲಿ ಫಿಸಿಯೋಥೆರಪಿ ಕಾಲೇಜುಗಳಿವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ನಾಲ್ಕು ವರ್ಷ ಓದು, ಆರು ತಿಂಗಳು ಆಸ್ಪತ್ರೆಯಲ್ಲಿ ತರಬೇತಿ ಎಂಬ ಲೆಕ್ಕದಲ್ಲಿ ಬಿ.ಪಿ.ಟಿ. ಪದವಿ ಪಡೆದವರು ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟಿದ್ದಾರೆ. ಎರೆ ಹೊಲದಲ್ಲಿ ಹತ್ತಿ, ಮೆಣಸಿನಕಾಯಿ ಬೆಳೆಯುವವರ ಮಕ್ಕಳೂ ಅದರಲ್ಲಿದ್ದಾರೆ. ಓದು ಮುಗಿಸಿ ಖಾಸಗಿ ಆಸ್ಪತ್ರೆಯಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವಾಗ ಪರದೇಶದ ಕಡೆ ಕಣ್ಣು ಹೋಗುವುದು ಸಹಜ. ಅಲ್ಲಿ ವೃದ್ಧರು ಹೆಚ್ಚು, ಬೇಡಿಕೆಯೂ ಹೆಚ್ಚು. ಅಮೆರಿಕದ ಕಾರ್ಮಿಕ ಇಲಾಖೆಯಂತೂ ಜನರ ಕೊರತೆಯಿರುವ ವೃತ್ತಿಗಳ ಪಟ್ಟಿಯಲ್ಲಿ ದಾದಿಯರ ಜೊತೆಗೆ ಫಿಸಿಯೋಥೆರಪಿಸ್ಟರ ಹೆಸರನ್ನೇ ಬರೆದಿಟ್ಟಿದೆ.

ಆದರೂ ಪದವಿ ಹಿಡಿದುಕೊಂಡು ಹೋದವರನ್ನು ಅಲ್ಲಿ ನೇರವಾಗಿ ರೋಗಿಯ ಬಳಿ ಬಿಡುವುದಿಲ್ಲ.

ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಈ ಅನುಭವವಾಯಿತು. ಮನೆತನದಲ್ಲಿ ಪದವಿ ಓದಿದ ಮೊದಲನೆಯವಳು. ಇಂಗ್ಲೆಂಡಿಗೆ ಹೋಗುವ ಆಸೆ. ಏಜೆಂಟನೊಬ್ಬ, ‘ಎಲ್ಲಾ ನಾ ಮಾಡಿಸ್ತೀನಿ, ನಾಲ್ಕು ಲಕ್ಷ ಕೊಡ್ರಿ’ ಎಂದಿದ್ದ. ಅವಳ ಅಪ್ಪ ಎರಡು ಎಕರೆ ಹೊಲ ಒತ್ತೆ ಇಡಲು ತಯಾರಾಗಿ, ಬ್ಯಾಂಕಿನ ಕಾಗದಪತ್ರ ಏನೇನು ಬೇಕೆಂದು ಕೇಳಲು ನನ್ನ ಹತ್ತಿರ ಬಂದರು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ರೊಕ್ಕ ಯಾತಕ್ಕೆ ಎಂದು ಕೇಳದೆ ಸಾಲದ ಮಾತು ಆಡುವ ಅಭ್ಯಾಸ ನನಗಿಲ್ಲ. ಮಗಳನ್ನೇ ಕರೆದು ಕೂಡಿಸಿಕೊಂಡು, ಅಲ್ಲಿಯ ಸರಕಾರಿ ನಿಯಮಗಳನ್ನು ಒಂದೊಂದಾಗಿ ಓದಿದೆವು. ಅರ್ಜಿಯನ್ನು ಅವಳೇ ಹಾಕಬಹುದಿತ್ತು! ಏಜೆಂಟನ ಅಗತ್ಯವೇ ಇರಲಿಲ್ಲ. ಶುಲ್ಕ ಅವನು ಕೇಳಿದ ಹಣದ ಒಂದು ಸಣ್ಣ ಪಾಲು.

ಓದುತ್ತಾ ಹೋದಂತೆ ಅವಳು ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ: “ಕಾಕಾ, ನನ್ನ ವಿದ್ಯೆ ಇರೂದು ಕೈಯಾಗ. ಅವರು ಕೈ ನೋಡೂದಿಲ್ಲೇನ್ರೀ, ಬರೇ ಕಾಗದ ನೋಡ್ತಾರ?”

ಒಳ್ಳೆಯ ಪ್ರಶ್ನೆ. ಉತ್ತರ ದೇಶದಿಂದ ದೇಶಕ್ಕೆ ಬೇರೆ.

ಬ್ರಿಟನ್ ಮುಖ್ಯವಾಗಿ ಕಾಗದ ನೋಡುತ್ತದೆ. ಅಲ್ಲಿ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್ ಎಂಬ ಸಂಸ್ಥೆಯಿದೆ. ನೀವು ಯಾವ ವರ್ಷ ಯಾವ ವಿಷಯ ಓದಿದಿರಿ, ಆಸ್ಪತ್ರೆಯಲ್ಲಿ ಎಷ್ಟು ತಾಸು ರೋಗಿಗಳನ್ನು ನೋಡಿದಿರಿ, ಆಮೇಲೆ ಎಲ್ಲಿ ದುಡಿದಿರಿ ಎಂಬುದನ್ನೆಲ್ಲ ಅಲ್ಲಿಯ ಅನುಭವಸ್ಥ ಫಿಸಿಯೋಗಳು ತಮ್ಮ ದೇಶದ ಮಟ್ಟದೊಂದಿಗೆ ಹೋಲಿಸಿ ನೋಡುತ್ತಾರೆ. ಇಂಗ್ಲಿಷಿಗೆ ಐ.ಇ.ಎಲ್.ಟಿ.ಎಸ್. ಪರೀಕ್ಷೆಯಲ್ಲಿ ಒಟ್ಟು 7 ಅಂಕ ಬೇಕು, ಯಾವ ವಿಭಾಗದಲ್ಲೂ 6.5ಕ್ಕಿಂತ ಕಡಿಮೆಯಾಗುವಂತಿಲ್ಲ. ಈ ಪಟ್ಟಿಯಲ್ಲಿ ಹೆಸರಿಲ್ಲದವರು ಅಲ್ಲಿ ತಮ್ಮನ್ನು ‘ಫಿಸಿಯೋಥೆರಪಿಸ್ಟ್’ ಎಂದು ಕರೆದುಕೊಂಡರೆ ಅಪರಾಧ.

ಆಸ್ಟ್ರೇಲಿಯಾ ಕೈಯನ್ನೂ ನೋಡುತ್ತದೆ. ಮೊದಲು ಕಾಗದ, ನಂತರ ಲಿಖಿತ ಪರೀಕ್ಷೆ, ಕೊನೆಗೆ ಆ ದೇಶಕ್ಕೇ ಹೋಗಿ ಪ್ರಾಯೋಗಿಕ ಪರೀಕ್ಷೆ. ಎದೆ ಮತ್ತು ಉಸಿರಾಟ, ಮೂಳೆ ಮತ್ತು ಸ್ನಾಯು, ನರಗಳು, ಈ ಮೂರರಲ್ಲೂ ಪರೀಕ್ಷಕರೆದುರು ಮಾಡಿ ತೋರಿಸಬೇಕು.

ಅಮೆರಿಕದ್ದು ಉದ್ದದ ದಾರಿ. ಅಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ. 2016ರ ಹೊತ್ತಿಗೆ ಅಲ್ಲಿಯ ಕಾಲೇಜುಗಳೆಲ್ಲ ಫಿಸಿಯೋಗೆ ಡಾಕ್ಟರೇಟ್ ಮಟ್ಟದ ಪದವಿಯನ್ನೇ ಕೊಡುವಂತಾದವು. ನಮ್ಮ ಬಿ.ಪಿ.ಟಿ. ಅದಕ್ಕೆ ಸಮವೇ ಎಂದು ಪಾಠ ಪಾಠವಾಗಿ ಅಳೆಯುತ್ತಾರೆ. ಫಿಸಿಯೋಥೆರಪಿಯ ವಿಷಯಗಳಷ್ಟೇ ಸಾಲದು. ಸಮಾಜ ವಿಜ್ಞಾನ, ಮಾನವಿಕ ವಿಷಯಗಳನ್ನು ಒಳಗೊಂಡ ಸಾಮಾನ್ಯ ಶಿಕ್ಷಣವೂ ಬೇಕು. ಕಡಿಮೆ ಬಿದ್ದರೆ ಆ ವಿಷಯಗಳನ್ನು ಮತ್ತೆ ಓದಬೇಕು. ಅದಾದ ಮೇಲೆ ಐದು ತಾಸಿನ ರಾಷ್ಟ್ರೀಯ ಪರೀಕ್ಷೆ. 200ರಿಂದ 800ರವರೆಗಿನ ಅಳತೆಯಲ್ಲಿ 600 ಬಂದರೆ ಪಾಸು. ಹನ್ನೆರಡು ತಿಂಗಳಲ್ಲಿ ಮೂರು ಸಲ, ಜೀವಮಾನದಲ್ಲಿ ಆರೇ ಸಲ ಕೂಡಬಹುದು. ಪರೀಕ್ಷಾ ಕೇಂದ್ರಗಳೂ ಅಮೆರಿಕದಲ್ಲೇ. ಪರೀಕ್ಷೆಗೆಂದೇ ವಿಮಾನದ ಟಿಕೆಟು ತೆಗೆಸಬೇಕು.

ಕೆನಡಾದಲ್ಲಿ ಪ್ರಾಯೋಗಿಕ ಪರೀಕ್ಷೆಯೊಂದಿತ್ತು. ಕೊರೊನಾ ಕಾಲದಲ್ಲಿ ಅದನ್ನು ಆನ್‌ಲೈನ್ ಮಾಡಲು ಹೋಗಿ 2021ರಲ್ಲಿ ತಾಂತ್ರಿಕ ತೊಂದರೆಯಿಂದ ರದ್ದಾಯಿತು. ಮರುವರ್ಷ ಆ ಪರೀಕ್ಷೆಯನ್ನೇ ಕೈಬಿಟ್ಟರು. ಹೊಸ ವ್ಯವಸ್ಥೆ ಆಗುವವರೆಗೆ ಅಲ್ಲಿಯವರು, ನಮ್ಮವರು ಎನ್ನದೆ ಎಲ್ಲರೂ ಕಾದರು.

ಇಷ್ಟೆಲ್ಲ ಯಾಕೆ ಎಂದು ಸಿಟ್ಟು ಬರಬಹುದು. ಕಾರಣವಿದೆ. ಬ್ರಿಟನ್ನಿನಲ್ಲಿ ಅನೇಕ ಕಡೆ ಬೆನ್ನುನೋವಿನ ರೋಗಿ ಡಾಕ್ಟರ ಚೀಟಿಯಿಲ್ಲದೆ ನೇರವಾಗಿ ಫಿಸಿಯೋ ಬಳಿಗೇ ಬರಬಹುದು. ನೂರು ಜನರಲ್ಲಿ ಒಬ್ಬನ ನೋವು ಸ್ನಾಯುವಿನದಾಗಿರದೆ ಗಡ್ಡೆಯದೋ, ನರ ಒತ್ತಿದ್ದರದೋ ಇದ್ದರೆ ಅದನ್ನು ಗುರುತಿಸಿ ಆಸ್ಪತ್ರೆಗೆ ಕಳುಹಿಸುವ ಹೊಣೆ ಫಿಸಿಯೋದು. ವ್ಯಾಯಾಮ ಹೇಳಿಕೊಡಲು ಬಂದರೆ ಸಾಲದು, ಯಾರಿಗೆ ವ್ಯಾಯಾಮ ಹೇಳಬಾರದು ಎಂಬುದೂ ಗೊತ್ತಿರಬೇಕು. ಇನ್ನೊಂದು ಮಾತು. ಆ ದೇಶದಲ್ಲಿ 1894ರಲ್ಲಿ ಮಾಲೀಸಿನ ಹೆಸರಿನಲ್ಲಿ ಕೆಟ್ಟ ದಂಧೆಗಳು ನಡೆಯುತ್ತಿದ್ದಾಗ ನಾಲ್ವರು ದಾದಿಯರು ಸೇರಿ, ತರಬೇತಿ ಪಡೆದವರ ಸಂಘ ಕಟ್ಟಿದರು. ಇಂದಿನ ಬ್ರಿಟಿಷ್ ಫಿಸಿಯೋಥೆರಪಿ ಸಂಘದ ಮೂಲ ಅದೇ. ಯಾರು ಕಲಿತವರು, ಯಾರು ಅಲ್ಲ ಎಂದು ಜನಕ್ಕೆ ತಿಳಿಯಲಿ ಎಂದೇ ಪಟ್ಟಿ ಹುಟ್ಟಿದ್ದು.

ಬ್ಯಾಂಕಿನಲ್ಲಿ ನಾವು ಮಾಡುತ್ತಿದ್ದುದೂ ಇದನ್ನೇ. ಊರ ಗೌಡರೇ ಎದುರಿಗೆ ನಿಂತಿದ್ದರೂ ಚೆಕ್ಕಿನ ಸಹಿ ನಮ್ಮಲ್ಲಿದ್ದ ಮಾದರಿ ಸಹಿಗೆ ಹೊಂದದಿದ್ದರೆ ಹಣ ಕೊಡುತ್ತಿರಲಿಲ್ಲ. ಅದು ಗೌಡರಿಗೆ ಅವಮಾನವಲ್ಲ, ಅವರ ದುಡ್ಡಿಗೆ ಕಾವಲು.

ಆದರೆ ಕಾವಲುಗಾರನೂ ಕೆಲವೊಮ್ಮೆ ಅತಿ ಮಾಡುತ್ತಾನೆ. 2010ರ ಜುಲೈನಲ್ಲಿ ಅಮೆರಿಕದ ಪರೀಕ್ಷಾ ಒಕ್ಕೂಟ ಭಾರತ, ಪಾಕಿಸ್ತಾನ, ಈಜಿಪ್ಟ್, ಫಿಲಿಪ್ಪೀನ್ಸ್ ದೇಶಗಳ ಕಾಲೇಜುಗಳಲ್ಲಿ ಓದಿದ ಎಲ್ಲರಿಗೂ ಪರೀಕ್ಷೆ ನಿಲ್ಲಿಸಿಬಿಟ್ಟಿತು. ಕೆಲವರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡು ಹೊರಬಂದು ಹಂಚುತ್ತಿದ್ದಾರೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಆಮೇಲೆ ಈ ನಾಲ್ಕು ದೇಶದವರಿಗೆಂದೇ ಪ್ರತ್ಯೇಕ ಪರೀಕ್ಷೆ ಮಾಡಿದರು. ರಾತ್ರಿಯೆಲ್ಲ ಕುಳಿತು ಓದಿದವನೂ, ಪ್ರಶ್ನೆ ಕೊಂಡವನೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಯಿತು. ಈಗ ಆ ಭೇದವಿಲ್ಲ. ಗೊತ್ತುಪಡಿಸಿದ ದಿನ ಎಲ್ಲರಿಗೂ ಒಂದೇ ಪರೀಕ್ಷೆ. ಮಕ್ಕಳು ಇದನ್ನು ನೆನಪಿಡಬೇಕು. ನಕಲು ಮಾಡಿದವನು ತನ್ನೊಬ್ಬನ ಹೆಸರು ಕೆಡಿಸಿಕೊಂಡು ಸುಮ್ಮನಾಗುವುದಿಲ್ಲ, ಅವನ ಕಾಲೇಜಿನ, ದೇಶದ ಹೆಸರಿನ ಮೇಲೂ ಕಲೆ ಬೀಳುತ್ತದೆ.

ಇನ್ನು ನಮ್ಮ ಕಡೆಯ ತಪ್ಪಿನ ಮಾತು. ಹೊರದೇಶದ ಅರ್ಜಿಗಳಲ್ಲಿ ಸಾಮಾನ್ಯವಾಗಿ ಒಂದು ಪ್ರಶ್ನೆ ಇರುತ್ತದೆ: ‘ನಿಮ್ಮ ದೇಶದಲ್ಲಿ ನೀವು ನೋಂದಾಯಿತರೇ?’ ನಮ್ಮಲ್ಲಿ ದಾದಿಯರಿಗೆ 1947ರಲ್ಲಿ, ದಂತವೈದ್ಯರಿಗೆ ಮತ್ತು ಫಾರ್ಮಸಿಸ್ಟರಿಗೆ 1948ರಲ್ಲಿ ಕೇಂದ್ರದ ಕಾಯ್ದೆ ಬಂತು. ಫಿಸಿಯೋಥೆರಪಿಸ್ಟರಿಗೆ ಬರಲಿಲ್ಲ. ದೆಹಲಿ 1997ರಲ್ಲಿ, ಮಹಾರಾಷ್ಟ್ರ 2002ರಲ್ಲಿ ತಮ್ಮ ಮಟ್ಟಿಗೆ ಕಾಯ್ದೆ ಮಾಡಿಕೊಂಡವು. ಇಂಥ ಕಾಯ್ದೆಯಿಲ್ಲದ ರಾಜ್ಯಗಳವರು ಸಂಘದ ಸದಸ್ಯತ್ವದ ಕಾಗದವನ್ನೋ, ಕಾಲೇಜಿನ ಪತ್ರವನ್ನೋ ತೋರಿಸಿ ‘ನಮ್ಮಲ್ಲಿ ಇಂಥ ಪಟ್ಟಿಯೇ ಇಲ್ಲ’ ಎಂದು ವಿವರಿಸಬೇಕಾಗಿತ್ತು. ಪರದೇಶದವರು ನಮ್ಮ ಪದವಿಗೆ ಬೆಲೆ ಕೊಡುವುದಿಲ್ಲ ಎಂದು ದೂರುತ್ತೇವೆ. ನಾವೇ ಅದಕ್ಕೆ ಒಂದು ದಾಖಲೆ ಪುಸ್ತಕ ಇಟ್ಟಿರಲಿಲ್ಲ.

2021ರಲ್ಲಿ ಸಂಸತ್ತು ಆರೋಗ್ಯ ರಕ್ಷಣೆಯ ಸಹವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಫಿಸಿಯೋಥೆರಪಿ ಸೇರಿ ಐವತ್ತಕ್ಕೂ ಹೆಚ್ಚು ವೃತ್ತಿಗಳು ಅದರಡಿ ಬರುತ್ತವೆ. ಕೇಂದ್ರದಲ್ಲೊಂದು, ರಾಜ್ಯಗಳಲ್ಲೊಂದು ನೋಂದಣಿ ಪುಸ್ತಕ ಇರಬೇಕೆಂದು ಅದು ಹೇಳುತ್ತದೆ. ಇದರ ಲಾಭ ಹೊರದೇಶಕ್ಕೆ ಹೋಗುವವರಿಗಷ್ಟೇ ಅಲ್ಲ. ನಮ್ಮ ಊರಿನ ಅಜ್ಜಿಯ ಮೊಣಕಾಲು ಹಿಡಿಯುವವರು ನಿಜವಾಗಿ ಓದಿದವರೋ, ಆರು ತಿಂಗಳು ಯಾರದೋ ಕ್ಲಿನಿಕ್ಕಿನಲ್ಲಿ ಯಂತ್ರ ಒತ್ತಲು ಕಲಿತವರೋ ಎಂದು ಕೇಳುವ ಹಕ್ಕು ಅಜ್ಜಿಗೂ ಬೇಕಲ್ಲವೇ?

ಮತ್ತೆ ನಮ್ಮ ಹುಡುಗಿಯ ಮಾತಿಗೆ ಬರೋಣ. ಅವಳಿಗೆ ದೊಡ್ಡ ತೊಡಕಾದದ್ದು ವಿದ್ಯೆಯಲ್ಲಿ ಅಲ್ಲ, ಹೆಸರಿನಲ್ಲಿ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಅವಳ ಹೆಸರು, ಮುಂದೆ ಅಪ್ಪನ ಹೆಸರಿನ ಒಂದಕ್ಷರ. ಪದವಿ ಪತ್ರದಲ್ಲಿ ಮನೆತನದ ಹೆಸರು ಮೊದಲು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ, ಮನೆತನದ ಹೆಸರಿನ ಇಂಗ್ಲಿಷ್ ಕಾಗುಣಿತ ಬೇರೆ. ನಮಗೆ ಒಬ್ಬಳೇ ಹುಡುಗಿ, ಲಂಡನ್ನಿನ ಗುಮಾಸ್ತನಿಗೆ ಮೂವರು! ನೋಟರಿಯ ಮುಂದೆ ‘ಈ ಮೂರೂ ಹೆಸರು ನನ್ನವೇ’ ಎಂದು ಪ್ರಮಾಣಪತ್ರ ಮಾಡಿಸಬೇಕಾಯಿತು. ಓದಿದ ಕಾಲೇಜಿನಿಂದ ಪಠ್ಯಕ್ರಮದ ವಿವರಕ್ಕೆ ಸಹಿ, ಮೊಹರು ಹಾಕಿಸಲು ಹುಬ್ಬಳ್ಳಿ ಬಸ್ಸನ್ನು ಹನ್ನೊಂದು ಸಲ ಹತ್ತಿದಳು. ಅರ್ಜಿಯಿಂದ ನೋಂದಣಿಯವರೆಗೆ ಹತ್ತು ತಿಂಗಳು ಹಿಡಿಯಿತು. ನೋಂದಣಿಯಾಯಿತು ಎಂದರೆ ನೌಕರಿಯಾಯಿತು ಎಂದಲ್ಲ. ಈಗ ಅವಳು ಹುಬ್ಬಳ್ಳಿಯಲ್ಲಿ ದುಡಿಯುತ್ತಲೇ ಅಲ್ಲಿಯ ಕೆಲಸಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಸಿಕ್ಕರೆ ಹೋಗುತ್ತಾಳೆ. ಸಿಗದಿದ್ದರೂ ಎರಡು ಎಕರೆ ಹೊಲ ಅಪ್ಪನ ಹೆಸರಿನಲ್ಲೇ ಇದೆ.

ಈ ದಾರಿ ಹಿಡಿಯುವ ಮನೆಗಳವರಿಗೆ ನನ್ನ ಅನುಭವದಿಂದ ನಾಲ್ಕು ಮಾತು. ಮೊದಲು ದೇಶ ಗೊತ್ತುಮಾಡಿಕೊಳ್ಳಿ, ಆಮೇಲೆ ಪರೀಕ್ಷೆ. ಒಂದು ದೇಶದ ಪರವಾನಗಿ ಇನ್ನೊಂದರಲ್ಲಿ ತಾನಾಗಿ ನಡೆಯುವುದಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ. ಆದ್ದರಿಂದ ಏಜೆಂಟರ ಮಾತಿಗಿಂತ ಆಯಾ ದೇಶದ ನೋಂದಣಿ ಸಂಸ್ಥೆಯ ಸ್ವಂತ ಪ್ರಕಟಣೆಯನ್ನೇ ಓದಿ. ಇಂಟರ್ನ್‌ಶಿಪ್‌ನಲ್ಲಿ ಯಾವ ವಿಭಾಗದಲ್ಲಿ ಎಷ್ಟು ತಾಸು ಕೆಲಸ ಮಾಡಿದಿರಿ ಎಂಬುದನ್ನು ಅಂದಂದೇ ಬರೆದು, ಕಾಲೇಜು ಬಿಡುವ ಮುನ್ನವೇ ಸಹಿ ಹಾಕಿಸಿಕೊಳ್ಳಿ. ಹತ್ತು ವರ್ಷದ ಮೇಲೆ ಸಹಿ ಹಾಕುವವರು ಅಲ್ಲಿ ಇರುವುದಿಲ್ಲ. ಕೊಲ್ಲಿ ದೇಶಗಳಿಗೆ ಹೋಗುವವರು ಇನ್ನೂ ಜಾಗರೂಕರಾಗಿರಬೇಕು. ಅಲ್ಲಿಯವರು ನಿಮ್ಮ ಪ್ರಮಾಣಪತ್ರ ನಿಜವೇ ಎಂದು ಕಾಲೇಜಿಗೂ, ಹಳೆಯ ಆಸ್ಪತ್ರೆಗೂ ನೇರವಾಗಿ ಬರೆದು ಕೇಳುತ್ತಾರೆ. ಇಲ್ಲದ ಅನುಭವ ತೋರಿಸಿದರೆ ಅಲ್ಲಿಗೇ ಮುಗಿಯಿತು.

ಇನ್ನು ಈ ವರ್ಷ ಹತ್ತನೆಯ ತರಗತಿಯಲ್ಲಿರುವ ಮಕ್ಕಳಿಗೆ. ಪರೀಕ್ಷಾ ಅರ್ಜಿ ತುಂಬುವ ದಿನ ಮಾಸ್ತರರು ಬರೆದುಕೊಂಡ ನಿಮ್ಮ ಹೆಸರನ್ನು ಒಂದು ಸಲ ಓದಿ ನೋಡಿ. ಆಧಾರ್ ಕಾರ್ಡಿನಲ್ಲಿರುವಂತೆಯೇ ಇದೆಯೇ, ಅಪ್ಪನ ಹೆಸರು ಪೂರ್ತಿ ಇದೆಯೇ, ಇಂಗ್ಲಿಷ್ ಅಕ್ಷರಗಳು ಒಂದೇ ಆಗಿವೆಯೇ? ತಿದ್ದಬೇಕಿದ್ದರೆ ಅವತ್ತೇ ಹೇಳಿ. ಅವತ್ತು ಪೆನ್ನಿನಿಂದ ತಿದ್ದಿ ಮುಗಿಸಬಹುದು.