ಹಲ್ಲುಜ್ಜಿದರೂ ಇಸಿಜಿ ಕುಣಿಯುತ್ತೆ

ಆಸ್ಪತ್ರೆಯಲ್ಲಿ ಮಲಗಿಸಿ ತೆಗೆಯುವ ಸಾಮಾನ್ಯ ಇಸಿಜಿ ಹೃದಯದ ಹತ್ತು ಸೆಕೆಂಡಿನ ಕಥೆಯನ್ನಷ್ಟೇ ಹೇಳುತ್ತದೆ. ಆದರೆ ಎದೆ ಡವಡವ ಅನ್ನೋದು, ತಲೆ ಸುತ್ತೋದು ಮೆಟ್ಟಿಲು ಹತ್ತುವಾಗಲೋ ನಡುರಾತ್ರಿಯಲ್ಲೋ ಆಗಬಹುದು. ಡಾಕ್ಟರ ಮುಂದೆ ಮಲಗಿದಾಗ ಎಲ್ಲ ಸರಿಯಾಗೇ ಇರುತ್ತೆ. ಇದಕ್ಕೆ ದಾರಿ ಹುಡುಕಿದವರು ಅಮೆರಿಕದ ಮೊಂಟಾನಾ ರಾಜ್ಯದ ನಾರ್ಮನ್ ಹೋಲ್ಟರ್. 1940ರ ದಶಕದ ಅವರ ಮೊದಲ ಯಂತ್ರವನ್ನು ಬೆನ್ನಿಗೆ ಹೊರಬೇಕಿತ್ತು. ತೂಕ ಸುಮಾರು 38 ಕಿಲೋ! ಇಂದಿನ ಹೋಲ್ಟರ್ ಮಾನಿಟರ್ ಅಂಗಿಯೊಳಗೇ ಅಡಗಿ, 24 ಅಥವಾ 48 ಗಂಟೆ ದಾಖಲಿಸುತ್ತದೆ.

ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅಷ್ಟನ್ನೂ ಕಣ್ಣಲ್ಲೇ ನೋಡಿ ಮುಗಿಸೋಕೆ ಆಗಲ್ಲ, ಕಂಪ್ಯೂಟರ್ ಬೇಕು. ಅದು ಮೊದಲು ಹುಡುಕುವುದು ಪ್ರತಿ ಬಡಿತದಲ್ಲೂ ಏಳುವ ಚೂಪಾದ ಶಿಖರವನ್ನು. ಎರಡು ಶಿಖರಗಳ ನಡುವೆ 0.8 ಸೆಕೆಂಡ್ ಅಂತರವಿದ್ದರೆ ನಿಮಿಷಕ್ಕೆ 75 ಬಡಿತ. ಅಂತರ ಯಾವ ಲೆಕ್ಕಕ್ಕೂ ಸಿಗದ ಹಾಗೆ ಏರುಪೇರಾದರೆ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದೋಷದ ಅನುಮಾನ ಬರುತ್ತದೆ. ಇದು ಪಾರ್ಶ್ವವಾಯುವಿಗೂ ಕಾರಣವಾಗಬಲ್ಲದು.

ಕಷ್ಟ ಇರೋದು ನಮ್ಮ ಓಡಾಟದಲ್ಲಿ. ಉಸಿರಾಡಿದರೆ ಇಸಿಜಿ ಗೆರೆ ನಿಧಾನವಾಗಿ ಏರಿಳಿಯುತ್ತದೆ. ಸ್ನಾಯು ಬಿಗಿದರೆ ಗೆರೆಯ ತುಂಬ ಮುಳ್ಳುಮುಳ್ಳು. 1985ರಲ್ಲಿ ಪ್ಯಾನ್ ಮತ್ತು ಟಾಂಪ್ಕಿನ್ಸ್ ರೂಪಿಸಿದ ಹೆಸರಾಂತ ವಿಧಾನ ಇಂಥ ಗದ್ದಲವನ್ನು ಸೋಸಿ, ಗೆರೆ ಎಲ್ಲಿ ಕಡಿದಾಗಿ ಏರುತ್ತದೆ ಎಂದು ನೋಡಿ ಬಡಿತವನ್ನು ಗುರುತಿಸುತ್ತದೆ. ಆದರೆ ಎದೆಗೆ ಅಂಟಿಸಿದ ಎಲೆಕ್ಟ್ರೋಡ್ ಅಲುಗಿದಾಗ ಏಳುವ ಅಲೆ ಹೃದಯದ ಅಲೆಯಂತೆಯೇ ಕಾಣುತ್ತದೆ. ಅದನ್ನು ಸೋಸೋದು ಸುಲಭವಲ್ಲ. ಹಲ್ಲುಜ್ಜುವಾಗ ಕೈ ಆಡುವ ರಭಸ ಇಸಿಜಿಯಲ್ಲಿ ಜೀವಕ್ಕೇ ಅಪಾಯ ತರುವ ವೇಗದ ಬಡಿತದ ಹಾಗೆ ಮೂಡುವುದುಂಟು! ಅದಕ್ಕೇ ಹೋಲ್ಟರ್ ಕಟ್ಟುವಾಗ, ಎಷ್ಟು ಗಂಟೆಗೆ ಏನು ಮಾಡಿದಿರಿ, ಏನು ಅನ್ನಿಸಿತು ಅಂತ ಬರೆದಿಡೋಕೆ ಹೇಳುತ್ತಾರೆ. ಆ ಚೀಟಿಯನ್ನು ಹಗುರವಾಗಿ ನೋಡಬೇಡಿ. ಗೆರೆಯ ಅರ್ಥ ಬಿಡಿಸಲು ಅದೂ ಬೇಕು.

ಸ್ಮಾರ್ಟ್ ವಾಚಿನ ದಾರಿ ಬೇರೆ. ಅದು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ರಕ್ತದ ಏರಿಳಿತದಿಂದ ನಾಡಿ ಲೆಕ್ಕ ಹಾಕುತ್ತದೆ. ಕೈ ಬೀಸಿ ನಡೆದರೆ ಹೆಜ್ಜೆಯ ತಾಳವನ್ನೇ ನಾಡಿ ಅಂತ ತಿಳಿದುಕೊಳ್ಳಬಹುದು. 2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಸ್ಟಡಿಯಲ್ಲಿ 4,19,297 ಜನರಿದ್ದರು. 'ನಾಡಿ ಲಯ ತಪ್ಪಿದೆ' ಎಂಬ ಸೂಚನೆ ಬಂದದ್ದು ಅವರಲ್ಲಿ ಶೇ. 0.52 ಮಂದಿಗೆ. ಆಮೇಲೆ ಇಸಿಜಿ ಪಟ್ಟಿ ಅಂಟಿಸಿಕೊಂಡು ವಾಪಸ್ ಕಳಿಸಿದ 450 ಜನರಲ್ಲಿ ಶೇ. 34ರಷ್ಟು ಮಂದಿಗೆ ಏಟ್ರಿಯಲ್ ಫಿಬ್ರಿಲೇಶನ್ ಕಂಡುಬಂತು. ಅಂದರೆ ವಾಚಿನ ಸೂಚನೆ ರೋಗನಿರ್ಣಯವಲ್ಲ, ಡಾಕ್ಟರ ಬಳಿ ಹೋಗೋಕೆ ಒಂದು ಕಾರಣ, ಅಷ್ಟೇ.

ಇನ್ನೊಂದು ಮಾತು ಮನೆಮಂದಿಗೆಲ್ಲ ಗೊತ್ತಿರಲಿ. ಇಸಿಜಿ ತೆಗೆಯುವ ವಾಚು ಕೂಡ ಹೃದಯಾಘಾತವನ್ನು ಪತ್ತೆ ಮಾಡಲಾರದು. ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಂಡು ಬಂದರೆ, ವಾಚು 'ನಾರ್ಮಲ್' ಅಂದರೂ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.