ಶಿರಾಡಿ ಏರಲು ಎಷ್ಟು ಯೂನಿಟ್?

‘ಅದೆಲ್ಲ ಸರಿ, ಶಿರಾಡಿ ಘಾಟಿ ಹತ್ತುತ್ತದಾ?’ ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟ ಕರಾವಳಿಯವರ ಸಂಶಯ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಹತ್ತುವುದೇನೋ ಹತ್ತುತ್ತದೆ. ಮೋಟಾರು ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುತ್ತದೆ, ಗೇರ್ ಇಳಿಸುವ ಗೊಡವೆಯಿಲ್ಲ. ಹತ್ತಿದ ಮೇಲೆ ಬ್ಯಾಟರಿಯಲ್ಲಿ ಎಷ್ಟು ಉಳಿದೀತು ಎಂಬುದೇ ನಿಜವಾದ ಭಯ. ಅದನ್ನು ಅಳೆಯಲು ಹೈಸ್ಕೂಲಿನ ಲೆಕ್ಕ ಸಾಕು.

ನಾಲ್ವರು ಕೂತ ಕಾರಿನ ತೂಕ 1,700 ಕೆ.ಜಿ. ಎನ್ನೋಣ. ಕಡಲ ಮಟ್ಟದ ಮಂಗಳೂರಿನಿಂದ ಬೆಂಗಳೂರಿನ ಎತ್ತರಕ್ಕೆ, ಅಂದರೆ ಸುಮಾರು 900 ಮೀಟರಿಗೆ, ಅದನ್ನು ಎತ್ತಲು ಬೇಕಾದ ಶಕ್ತಿ 4 ಯೂನಿಟ್‌ಗಿಂತ ತುಸು ಹೆಚ್ಚು. ನಮ್ಮ ಕರೆಂಟ್ ಬಿಲ್ಲಿನಲ್ಲಿರುವ ಅದೇ ಯೂನಿಟ್. ನಷ್ಟವೂ ಸೇರಿ 5 ಆಗಲಿ. ಸಮತಟ್ಟು ರಸ್ತೆಯಲ್ಲಿ ಅಷ್ಟರಲ್ಲಿ ಮೂವತ್ತು ಚಿಲ್ಲರೆ ಕಿ.ಮೀ. ಓಡಬಹುದಿತ್ತು. ಘಟ್ಟ ಕೇಳುವ ಸುಂಕ ಇಷ್ಟೇ. ಇಳಿಯುವಾಗ ಮೋಟಾರೇ ಡೈನಮೋ ಆಗಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಸುಟ್ಟ ಪೆಟ್ರೋಲನ್ನು ಯಾವ ಇಳಿಜಾರೂ ಟ್ಯಾಂಕಿಗೆ ತುಂಬಿಕೊಟ್ಟಿಲ್ಲ.

ಹಾಗಿದ್ದರೂ 5 ಯೂನಿಟ್ ನಮ್ಮನ್ನು ಯಾಕೆ ಹೆದರಿಸುತ್ತದೆ? 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿಯ ಬ್ಯಾಟರಿ 30.2 ಯೂನಿಟ್‌ನದು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರುತ್ತದೆ. ಅಂದರೆ ಆ ಇಡೀ ಬ್ಯಾಟರಿ ಮೂರೂವರೆ ಲೀಟರ್ ಪೆಟ್ರೋಲಿಗೂ ಸಮವಲ್ಲ! ಅಷ್ಟರಲ್ಲೇ ಇನ್ನೂರು ಕಿ.ಮೀ. ಆಸುಪಾಸು ಸಾಗುತ್ತದೆಂದರೆ ಅದು ಪಕ್ಕಾ ಜಿಪುಣ ಯಂತ್ರ. ಪೆಟ್ರೋಲ್ ಎಂಜಿನ್ ಮುಕ್ಕಾಲು ಪಾಲಿನಷ್ಟನ್ನು ರೇಡಿಯೇಟರ್, ಸೈಲೆನ್ಸರುಗಳ ಮೂಲಕ ಬಿಸಿಯಾಗಿ ಹೊರಚೆಲ್ಲುತ್ತದೆ. ಅಂಥ ದುಂದಿನ ನಡುವೆ ಘಟ್ಟದ ಖರ್ಚು ಯಾರ ಕಣ್ಣಿಗೆ ಬೀಳಬೇಕು? ಇಲ್ಲಿ ಪ್ರತಿಯೊಂದು ಶೇಕಡಾವೂ ಪರದೆಯ ಮೇಲೆ ಕರಗುವುದು ಕಾಣುತ್ತದೆ.

ನನ್ನನ್ನು ಕೇಳಿದರೆ, ಹೆದರಬೇಕಾದ್ದು ಘಾಟಿಗಲ್ಲ, ಹಾಸನ ದಾಟಿದ ಮೇಲೆ ಸಿಗುವ ನುಣುಪು ಹೆದ್ದಾರಿಗೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ. ಇದ್ದದ್ದು 100 ಆದರೆ ಆ ತಡೆ ಒಂದೂವರೆ ಪಟ್ಟು ದಾಟುತ್ತದೆ. ನೆಕ್ಸಾನ್‌ಗೆ ಪರೀಕ್ಷೆಯಲ್ಲಿ ಸಿಕ್ಕ 312 ಕಿ.ಮೀ. ರಸ್ತೆಯಲ್ಲಿ ಸಿಗದಿರುವುದಕ್ಕೆ ವೇಗವೂ ಒಂದು ದೊಡ್ಡ ಕಾರಣ. ಎಸಿಯನ್ನು ಬೈಯುವವರು ಮೊದಲು ತಮ್ಮ ಬಲಗಾಲನ್ನು ನೋಡಿಕೊಳ್ಳಲಿ.

ಬೆಂಗಳೂರಿನಿಂದ ಕೆಳಗೆ ಹೋಗುವವರಿಗೆ ಒಂದು ಮಾತು. ಸಕಲೇಶಪುರದ ಹತ್ತಿರ ಚಾರ್ಜ್‌ಗೆ ನಿಂತಿರಾದರೆ ಶೇ. 80ಕ್ಕೇ ಪ್ಲಗ್ ಕಿತ್ತು ಹೊರಡಿ. ಅಲ್ಲಿಂದಾಚೆ ಫಾಸ್ಟ್ ಚಾರ್ಜರ್ ಕೂಡ ಆಮೆಯಾಗುತ್ತದೆ. ಅದೂ ಅಲ್ಲದೆ, ತುಂಬಿದ ಬ್ಯಾಟರಿಯಲ್ಲಿ ಇಳಿಜಾರಿನ ಕರೆಂಟಿಗೆ ಜಾಗ ಇರುವುದಿಲ್ಲ. ಆಗ ಮೋಟಾರಿನ ತಡೆಯೂ ಸಿಗದೆ, ಶಿರಾಡಿ ಇಳಿಯುವಷ್ಟು ಹೊತ್ತೂ ಬ್ರೇಕನ್ನೇ ತುಳಿಯಬೇಕಾಗುತ್ತದೆ.